ಚೆಸ್ ಇತಿಹಾಸ ಸಂಘದ ಸದಸ್ಯರಿಗೆ ಹುಟ್ಟುಹಬ್ಬದ ಶುಭಾಶಯ: ಬರೆಯುವುದು ಹೇಗೆ?

ಚೆಸ್ ಕ್ಲಬ್ಬಿನ ಸದಸ್ಯರು ಆಟ ಆಡುತ್ತಾರೆ. ಚೆಸ್ ಇತಿಹಾಸ ಸಂಘದ ಸದಸ್ಯರು ಯಾರೋ ಯಾವತ್ತೋ ಆಡಿ ಮುಗಿಸಿದ ಆಟದ ಬೆನ್ನು ಹತ್ತುತ್ತಾರೆ. ನೂರೈವತ್ತು ವರ್ಷದ ಹಿಂದಿನ ಪತ್ರಿಕೆಯ ಚೆಸ್ ಅಂಕಣ, ಮುದ್ರಣ ನಿಂತು ಹೋದ ಟೂರ್ನಿ ಪುಸ್ತಕ, ಆಟಗಾರರು ಕೈಯಲ್ಲಿ ಬರೆದಿಟ್ಟ ನಡೆಪಟ್ಟಿ, ಹಳೆಯ ಅಂಚೆಚೀಟಿ, ಫೋಟೋದ ಹಿಂಬದಿಯ ಮಾಸಿದ ಸಹಿ ಇವೇ ಅವರ ಸರಂಜಾಮು. ಇವರಲ್ಲಿ ಗ್ರ್ಯಾಂಡ್‌ಮಾಸ್ಟರುಗಳು ಕಡಿಮೆ. ಪುಸ್ತಕ ಸಂಗ್ರಾಹಕರು, ಗ್ರಂಥಪಾಲಕರು, ನಿವೃತ್ತ ಮೇಷ್ಟ್ರು, ಚೆಸ್ ಸಮಸ್ಯೆ ರಚಿಸುವವರು, ತೀರ್ಪುಗಾರರು ಹೆಚ್ಚು.

ಇಂಥ ಸಂಘಗಳ ಪೈಕಿ ಹೆಸರಾದದ್ದು ಕೆನ್ ವೈಲ್ಡ್ ಅಸೋಸಿಯೇಷನ್. ಇಂಗ್ಲೆಂಡಿನ ಚೆಸ್ ಇತಿಹಾಸಕಾರ ಕೆನ್ ವೈಲ್ಡ್ 1926ರ ಮಾರ್ಚ್ 6ರಂದು ಹುಟ್ಟಿ 2003ರ ಜುಲೈ 11ರಂದು ತೀರಿಕೊಂಡರು. ಡೇವಿಡ್ ಹೂಪರ್ ಜೊತೆ ಸೇರಿ ಅವರು ಬರೆದ ‘ದಿ ಆಕ್ಸ್‌ಫರ್ಡ್ ಕಂಪ್ಯಾನಿಯನ್ ಟು ಚೆಸ್’ ಇಂದಿಗೂ ಈ ಕ್ಷೇತ್ರದವರ ಮೇಜಿನ ಮೇಲಿರುವ ಪುಸ್ತಕ. ಅವರು ತೀರಿಕೊಂಡ ವರ್ಷವೇ ಅವರ ಹೆಸರಿನಲ್ಲಿ ಹುಟ್ಟಿದ ಸಂಘ ಈಗ ‘ಚೆಸ್ ಹಿಸ್ಟರಿ ಅಂಡ್ ಲಿಟರೇಚರ್ ಸೊಸೈಟಿ’ ಎಂದು ಹೆಸರು ಬದಲಿಸಿಕೊಂಡಿದೆ. ಸದಸ್ಯರು ಹತ್ತಾರು ದೇಶಗಳಲ್ಲಿ ಚದುರಿಕೊಂಡಿರುವ, ವರ್ಷಕ್ಕೊಮ್ಮೆ ಭೇಟಿಯಾಗುವುದೂ ಕಷ್ಟವಾದ ಇಂಥ ಕಡೆ ಹುಟ್ಟುಹಬ್ಬದ ಶುಭಾಶಯವೇ ಸಂಬಂಧ ಉಳಿಸುವ ದಾರಿ.

ಆದರೆ ಇತಿಹಾಸ ಬಲ್ಲವರಿಗೆ ಶುಭಾಶಯ ಬರೆಯುವುದು ಸುಲಭವಲ್ಲ. ದಿನಾಂಕ ತಪ್ಪಿದರೆ ಅವರೇ ಮೊದಲು ಗುರುತಿಸುತ್ತಾರೆ. ಎಲ್ಲಿಂದಲೋ ಎತ್ತಿದ ‘ಚೆಸ್ ಸುಭಾಷಿತ’ ಹಾಕಿದರೆ ಅದರ ಮೂಲ ಕೇಳುತ್ತಾರೆ. ಸಂಘದ ಕಾರ್ಯದರ್ಶಿಗೆ, ಚೆಸ್ ಹುಚ್ಚಿನ ಹಿರಿಯರ ಮನೆಮಂದಿಗೆ, ನಮ್ಮ ಜಿಲ್ಲಾ ಚೆಸ್ ಕ್ಲಬ್ಬುಗಳ ಪದಾಧಿಕಾರಿಗಳಿಗೆ ಉಪಯೋಗವಾಗಲೆಂದು ಈ ಕೈಪಿಡಿ.

ಶುಭಾಶಯವೂ ಒಂದು ದಾಖಲೆ

ಅಮೆರಿಕದ ಜೆರೆಮಿ ಗೇಜ್ 1987ರಲ್ಲಿ ‘ಚೆಸ್ ಪರ್ಸೊನಾಲಿಯಾ’ ಎಂಬ ಪುಸ್ತಕ ಪ್ರಕಟಿಸಿದರು. ಸುಮಾರು 14,000 ಚೆಸ್ ವ್ಯಕ್ತಿಗಳ ಹುಟ್ಟು, ಸಾವು, ಸ್ಥಳ, ಅವರ ಬಗ್ಗೆ ಎಲ್ಲೆಲ್ಲಿ ಏನೇನು ಅಚ್ಚಾಗಿದೆ ಎಂಬ ವಿವರ ಅದರಲ್ಲಿದೆ. ಇಂಥ ಪುಸ್ತಕದ ಹಿಂದಿರುವುದು ಸಾವಿರಾರು ಸಣ್ಣ ಬರಹಗಳು. ‘ನಮ್ಮ ಹಿರಿಯ ಸದಸ್ಯರಿಗೆ ಎಪ್ಪತ್ತು’ ಎಂದು ಯಾವುದೋ ಪತ್ರಿಕೆಯ ಮೂಲೆಯಲ್ಲಿ ಬಂದ ನಾಲ್ಕು ಸಾಲೂ ಮುಂದೊಂದು ದಿನ ಆಧಾರವಾಗುತ್ತದೆ.

ಸಂತಾಪದ ಬರಹವೂ ದಾಖಲೆಯೇ. ಆದರೆ ಅದರಲ್ಲಿ ತಪ್ಪು ನುಸುಳಿದರೆ ‘ಅದು ಹಾಗಲ್ಲ’ ಎನ್ನಲು ಆ ವ್ಯಕ್ತಿ ಇರುವುದಿಲ್ಲ. ಹುಟ್ಟುಹಬ್ಬದ ಬರಹಕ್ಕೆ ಆ ಸೌಲಭ್ಯ ಇದೆ: ಬರೆದದ್ದನ್ನು ಅವರಿಗೇ ತೋರಿಸಿ ತಿದ್ದಿಸಿಕೊಳ್ಳಬಹುದು. ಹಾಗಾಗಿ ಒಂದೇ ನಿಯಮ ನೆನಪಿಡಿ: ಪ್ರತಿ ಶುಭಾಶಯದಲ್ಲೂ ಆ ಸದಸ್ಯರ ಕೆಲಸದ ಬಗ್ಗೆ ಪರಿಶೀಲಿಸಿದ ಒಂದು ಸಂಗತಿ ಇರಲಿ. ಮಿಕ್ಕ ಅಲಂಕಾರ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಮೊದಲು ದಿನಾಂಕ

ಸದಸ್ಯತ್ವದ ಅರ್ಜಿಯಲ್ಲೇ ಹುಟ್ಟಿದ ದಿನ ಕೇಳಿಬಿಡಿ. ಜೊತೆಗೆ ಎರಡು ಪ್ರಶ್ನೆ ಸೇರಿಸಿ: ‘ಶುಭಾಶಯವನ್ನು ಸಂಘದ ಪತ್ರಿಕೆಯಲ್ಲಿ ಹಾಕಬಹುದೇ?’, ‘ಹುಟ್ಟಿದ ವರ್ಷ ತಿಳಿಸಬಹುದೇ?’ ಜನ್ಮದಿನಾಂಕ ವೈಯಕ್ತಿಕ ಮಾಹಿತಿ. ಬ್ಯಾಂಕಿನಲ್ಲೂ ಫೋನಿನಲ್ಲೂ ಗುರುತು ಖಚಿತಪಡಿಸಲು ಅದನ್ನೇ ಕೇಳುತ್ತಾರೆ. ಯುರೋಪಿನಲ್ಲಿ 2018ರ ಮೇ ತಿಂಗಳಿಂದ ದತ್ತಾಂಶ ರಕ್ಷಣೆಯ ಕಟ್ಟುನಿಟ್ಟಿನ ನಿಯಮ ಜಾರಿಯಲ್ಲಿದೆ. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಒಪ್ಪಿಗೆ ಇಲ್ಲದಿದ್ದರೆ ದಿನ, ತಿಂಗಳು ಮಾತ್ರ ಹಾಕಿ. ಅದಕ್ಕೂ ಒಪ್ಪದವರಿಗೆ ಖಾಸಗಿಯಾಗಿ ಒಂದು ಪತ್ರ ಸಾಕು.

ನಮ್ಮ ಕಡೆಯ ಹಿರಿಯರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಲೆಕ್ಕ ಹಾಕಿ ಬರೆದ ಜೂನ್ 1 ಅವರ ಅಧಿಕೃತ ದಿನಾಂಕವಾಗಿರುತ್ತದೆ. ಮನೆಯಲ್ಲಿ ಆಚರಿಸುವುದು ಜನ್ಮನಕ್ಷತ್ರದ ದಿನ. ಮೈಸೂರು ಅರಸರ ವರ್ಧಂತಿಯನ್ನೂ ಹೀಗೆ ನಕ್ಷತ್ರದ ಲೆಕ್ಕದಲ್ಲೇ ಆಚರಿಸುತ್ತಿದ್ದರು. ‘ನಿಮಗೆ ಯಾವ ದಿನ ಹಾರೈಸಿದರೆ ಇಷ್ಟ ಸಾರ್?’ ಎಂದು ನೇರವಾಗಿ ಕೇಳಿ. ಕಡತದಲ್ಲಿ ಎರಡನ್ನೂ ಬರೆದಿಡಿ. ಯಾವುದು ದಾಖಲೆಯದು, ಯಾವುದು ಮನೆಯದು ಎಂದು ಗುರುತು ಹಾಕಿ. ಫೆಬ್ರವರಿ 29ರಂದು ಹುಟ್ಟಿದವರಿಗೆ ಮಿಕ್ಕ ವರ್ಷಗಳಲ್ಲಿ 28 ಬೇಕೋ ಮಾರ್ಚ್ 1 ಬೇಕೋ ಎಂಬುದನ್ನೂ ಅವರನ್ನೇ ಕೇಳಬೇಕು.

ಸದಸ್ಯರ ದಿನದ ಜೊತೆ ಹಳೆಯ ಆಟಗಾರರ ಜನ್ಮದಿನ ಜೋಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಅಲ್ಲಿ ಹುಷಾರು. ರಷ್ಯಾದಲ್ಲಿ 1918ರವರೆಗೆ ಜೂಲಿಯನ್ ಪಂಚಾಂಗ ನಡೆಯುತ್ತಿತ್ತು. ಅದು ನಾವೀಗ ಬಳಸುವ ಗ್ರೆಗೋರಿಯನ್ ಪಂಚಾಂಗಕ್ಕಿಂತ 19ನೇ ಶತಮಾನದಲ್ಲಿ 12 ದಿನ, 20ನೇ ಶತಮಾನದಲ್ಲಿ 13 ದಿನ ಹಿಂದಿತ್ತು. ಅಲ್ಲಿನ ಆಟಗಾರ ಅಲೆಖೈನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 1892ರ ಅಕ್ಟೋಬರ್ 19, ಹೊಸ ಲೆಕ್ಕದಲ್ಲಿ ಅಕ್ಟೋಬರ್ 31. ಅಲ್ಲಿನವರೇ ಆದ ಚಿಗೋರಿನ್‌ಗೆ 1850ರ ಅಕ್ಟೋಬರ್ 31 ಹಳೆಯದು, ನವೆಂಬರ್ 12 ಹೊಸದು. ಎರಡನ್ನೂ ಗಮನಿಸದೆ ‘ಇಬ್ಬರೂ ಅಕ್ಟೋಬರ್ 31ರಂದು ಹುಟ್ಟಿದವರು’ ಎಂದು ಬರೆದರೆ ಮರುದಿನವೇ ತಿದ್ದುಪಡಿ ಪತ್ರ ಬರುತ್ತದೆ. ಬೋಟ್ವಿನ್ನಿಕ್ 1911ರಲ್ಲಿ ಹುಟ್ಟಿದವರಾದ್ದರಿಂದ ಅವರಿಗೆ 13 ದಿನದ ವ್ಯತ್ಯಾಸ: ಆಗಸ್ಟ್ 4 ಹೋಗಿ ಆಗಸ್ಟ್ 17.

ಪಂಚಾಂಗದ ತಂಟೆ ಇಲ್ಲದ ಕಡೆಯೂ ಗೊಂದಲವಿದೆ. ಮೊದಲ ಅಧಿಕೃತ ವಿಶ್ವ ಚಾಂಪಿಯನ್ ಸ್ಟೈನಿಟ್ಜ್ ಹುಟ್ಟಿದ್ದು 1836ರ ಮೇ 14 ಎಂದೂ 17 ಎಂದೂ ಅಚ್ಚಾಗಿದೆ. 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ ಅವಿಭಜಿತ ಭಾರತದ ಮೀರ್ ಸುಲ್ತಾನ್ ಖಾನ್ ಅವರಿಗೆ ದಿನ ಹೋಗಲಿ, ವರ್ಷವೇ 1903 ಅಥವಾ 1905 ಎಂದು ಎರಡು ಬಗೆಯಾಗಿ ಸಿಗುತ್ತದೆ. ಇಂಥ ಹೆಸರುಗಳನ್ನು ಶುಭಾಶಯದಲ್ಲಿ ಜೋಡಿಸಲೇಬೇಕೆಂದಿಲ್ಲ. ಖಚಿತವಾದವು ಬೇಕಷ್ಟಿವೆ.

ತಿಂಗಳಿಗೊಂದು ಖಚಿತ ದಿನ

ಸದಸ್ಯರ ಹುಟ್ಟುಹಬ್ಬದ ತಿಂಗಳಿಗೆ ಹೊಂದಿಸಿಕೊಳ್ಳಲು ಒಂದು ಪಟ್ಟಿ:

- ಜನವರಿ 30: ಸಮಸ್ಯೆ ರಚನೆಯ ಮಾಂತ್ರಿಕ ಸ್ಯಾಮ್ ಲಾಯ್ಡ್ (1841), ವಿಶ್ವ ಚಾಂಪಿಯನ್ ಬೋರಿಸ್ ಸ್ಪಾಸ್ಕಿ (1937).
- ಫೆಬ್ರವರಿ 8: ಗ್ರ್ಯಾಂಡ್‌ಮಾಸ್ಟರ್ ಯೂರಿ ಅವರ್ಬಾಖ್ (1922).
- ಮಾರ್ಚ್ 3: ಸಮಸ್ಯೆಗಳ ಸಂಪುಟಗಳನ್ನು ಹೊರತಂದ ಅಲೆನ್ ಸಿ. ವೈಟ್ (1880). ಮಾರ್ಚ್ 6: ಕೆನ್ ವೈಲ್ಡ್ (1926).
- ಏಪ್ರಿಲ್ 13: ಗ್ಯಾರಿ ಕ್ಯಾಸ್ಪರೋವ್ (1963).
- ಮೇ 10: ಪುಸ್ತಕ ಸಂಗ್ರಾಹಕ, ತೀರ್ಪುಗಾರ ಲೋಥರ್ ಶ್ಮಿಡ್ (1928). ಮೇ 29: ಡಿ. ಗುಕೇಶ್ (2006).
- ಜೂನ್ 22: ಪಾಲ್ ಮಾರ್ಫಿ (1837). ಜೂನ್ 24: 1913ರಲ್ಲಿ ‘ಎ ಹಿಸ್ಟರಿ ಆಫ್ ಚೆಸ್’ ಹೊರತಂದ ಎಚ್.ಜೆ.ಆರ್. ಮರ್ರೆ (1868).
- ಜುಲೈ 14: ಮುಮ್ಮಡಿ ಕೃಷ್ಣರಾಜ ಒಡೆಯರ್ (1794). ಜುಲೈ 20: 1924ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆ ಹುಟ್ಟಿದ ದಿನ, ಈಗ ಅಂತರರಾಷ್ಟ್ರೀಯ ಚೆಸ್ ದಿನ.
- ಆಗಸ್ಟ್ 17: ಮಿಖಾಯಿಲ್ ಬೋಟ್ವಿನ್ನಿಕ್ (1911).
- ಸೆಪ್ಟೆಂಬರ್ 7: ಫ್ರಾನ್ಸಿನ ಫಿಲಿಡೋರ್ (1726). 2026ಕ್ಕೆ ಅವರಿಗೆ 300 ವರ್ಷ.
- ಅಕ್ಟೋಬರ್ 9: ಜೆರೆಮಿ ಗೇಜ್ (1927).
- ನವೆಂಬರ್ 19: ಕಾಪಾಬ್ಲಾಂಕಾ (1888). ನವೆಂಬರ್ 30: ಮ್ಯಾಗ್ನಸ್ ಕಾರ್ಲ್‌ಸನ್ (1990).
- ಡಿಸೆಂಬರ್ 11: ವಿಶ್ವನಾಥನ್ ಆನಂದ್ (1969). ಡಿಸೆಂಬರ್ 24: ಎಮಾನುಯೆಲ್ ಲಾಸ್ಕರ್ (1868). ಡಿಸೆಂಬರ್ 30: ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಮ್ಯಾನುಯೆಲ್ ಆರನ್ (1935).

ಜೋಡಿಸುವಾಗ ಸಂದರ್ಭ ನೋಡಿಕೊಳ್ಳಿ. 2016ರ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ ಟೈಬ್ರೇಕ್ ನಡೆದದ್ದು ನವೆಂಬರ್ 30ರಂದು ನ್ಯೂಯಾರ್ಕಿನಲ್ಲಿ. ತಮ್ಮ 26ನೇ ಹುಟ್ಟುಹಬ್ಬದ ದಿನವೇ ಕಾರ್ಲ್‌ಸನ್ ರಾಣಿಯನ್ನು ಬಲಿಕೊಟ್ಟು ಕರ್ಯಾಕಿನ್ ಎದುರು ಕೊನೆಯ ಆಟ ಮುಗಿಸಿ ಕಿರೀಟ ಉಳಿಸಿಕೊಂಡರು. ನವೆಂಬರ್ ಕೊನೆಯಲ್ಲಿ ಹುಟ್ಟಿದ ಯಾರಿಗೂ ಒಪ್ಪುವ ಕತೆ ಇದು. ಕಾಪಾಬ್ಲಾಂಕಾಗೆ 50 ತುಂಬಿದ್ದು 1938ರ ಅವ್ರೊ ಟೂರ್ನಿಯ ನಡುವೆ; ಎಂಟು ಜನರ ಆ ಟೂರ್ನಿಯಲ್ಲಿ ಅವರಿಗೆ ಸಿಕ್ಕಿದ್ದು ಏಳನೇ ಸ್ಥಾನ. ಸಂಗತಿ ನಿಜವಾದರೂ ಐವತ್ತು ತುಂಬಿದವರಿಗೆ ಹೇಳುವಂಥದ್ದಲ್ಲ.

ಯಾವ ವಯಸ್ಸಿಗೆ ಎಷ್ಟು ಸಡಗರ?

ಸಂಘದಲ್ಲಿ ನೂರು ಸದಸ್ಯರಿದ್ದರೆ ಎಲ್ಲರಿಗೂ ಪ್ರತಿ ವರ್ಷ ಪುಟಗಟ್ಟಲೆ ಬರೆಯಲಾಗುವುದಿಲ್ಲ. ಮಾಮೂಲಿ ವರ್ಷಕ್ಕೆ ಎರಡು ಸಾಲು, ದಶಕ ತುಂಬಿದಾಗ ಒಂದು ಪುಟ, ಎಪ್ಪತ್ತೈದು ಎಂಬತ್ತಕ್ಕೆ ಸಂದರ್ಶನ ಎಂದು ಇಟ್ಟುಕೊಳ್ಳಬಹುದು. ನಮ್ಮಲ್ಲಿ ಅರವತ್ತಕ್ಕೆ ಷಷ್ಟಿಪೂರ್ತಿ, ಎಪ್ಪತ್ತಕ್ಕೆ ಭೀಮರಥ ಶಾಂತಿ, ಎಂಬತ್ತು ದಾಟಿದ ಮೇಲೆ ಸಹಸ್ರಚಂದ್ರ ದರ್ಶನ ಎಂಬ ಲೆಕ್ಕ ಇದ್ದೇ ಇದೆ. ಚೆಸ್ ಬಳಗಕ್ಕೆ ಇನ್ನೊಂದು ಸೇರಿಸಿಕೊಳ್ಳಿ: ಅರವತ್ನಾಲ್ಕು. ಹಾಸಿನ ಮನೆಗಳಷ್ಟೇ ವರ್ಷ ತುಂಬುವ ಈ ಹುಟ್ಟುಹಬ್ಬ ಬೇರೆ ಯಾವ ಸಂಘದವರಿಗೂ ವಿಶೇಷವಲ್ಲ, ಇವರಿಗೆ ಮಾತ್ರ ವಿಶೇಷ.

ನೂರಕ್ಕೂ ಸಿದ್ಧರಾಗಿರಿ. ರಷ್ಯಾದ ಯೂರಿ ಅವರ್ಬಾಖ್ 2022ರ ಫೆಬ್ರವರಿ 8ರಂದು ನೂರು ತುಂಬಿಸಿಕೊಂಡರು. ಶತಾಯುಷಿಯಾದ ಮೊದಲ ಗ್ರ್ಯಾಂಡ್‌ಮಾಸ್ಟರ್ ಅವರು. ಆಟದ ಕೊನೆಯ ಹಂತದ ಬಗ್ಗೆ ಅವರ ಗ್ರಂಥಗಳು ಪ್ರಸಿದ್ಧ. ಚತುರಂಗದಿಂದ ಇಂದಿನವರೆಗಿನ ಚೆಸ್ ಇತಿಹಾಸವನ್ನೂ ಬರೆದರು. ಅದೇ ವರ್ಷ ಮೇ 7ರಂದು ತೀರಿಕೊಂಡರು. ಅವರ ಬಗ್ಗೆ ಬರೆಯಲು ನೂರರವರೆಗೆ ಕಾದು ಕೂತಿದ್ದವರಿಗೆ ಸಿಕ್ಕಿದ್ದು ಮೂರೇ ತಿಂಗಳು. ಎಂಬತ್ತು ದಾಟಿದವರ ವಿಷಯದಲ್ಲಿ ಮುಂದಿನ ದಶಕಕ್ಕೆ ಕಾಯಬೇಡಿ.

ಬರಹದ ಚೌಕಟ್ಟು

ಒಳ್ಳೆಯ ಶುಭಾಶಯ ನಾಲ್ಕು ಭಾಗಗಳಲ್ಲಿ ಮುಗಿಯುತ್ತದೆ. ಮೊದಲನೆಯದು ಹೆಸರು, ದಿನ, ಊರು. ಎರಡನೆಯದು ಆ ಸದಸ್ಯರು ಮಾಡಿದ ಒಂದು ನಿರ್ದಿಷ್ಟ ಕೆಲಸ. ಮೂರನೆಯದು ಅದರಿಂದ ಬೇರೆಯವರಿಗೆ ಆದ ಉಪಯೋಗ. ನಾಲ್ಕನೆಯದು ಹಾರೈಕೆ ಮತ್ತು ಮುಂದಿನ ಕೆಲಸದ ಬಗ್ಗೆ ಒಂದು ಪ್ರಶ್ನೆ. ನೂರು ಪದ ಸಾಕು. ‘ಚೆಸ್ ಲೋಕಕ್ಕೆ ಅಪಾರ ಸೇವೆ ಸಲ್ಲಿಸಿದ್ದಾರೆ’ ಎಂದರೆ ಏನೂ ಹೇಳಿದಂತಾಗಲಿಲ್ಲ; ‘ಮೂವತ್ತು ವರ್ಷದ ಚೆಸ್ ಅಂಕಣಗಳನ್ನು ಕತ್ತರಿಸಿ, ದಿನಾಂಕ ಹಾಕಿ, ಕಟ್ಟು ಕಟ್ಟಿದ್ದಾರೆ’ ಎಂದರೆ ಹೇಳಿದಂತಾಯಿತು.

ಮಾದರಿಗೆ ಕೆಲವು:

ಸಂಗ್ರಾಹಕರಿಗೆ: ‘ಮಾನ್ಯರೇ, ಈ ಶುಕ್ರವಾರ ನಿಮಗೆ ಎಪ್ಪತ್ತು. ಹಳೆಯ ಪುಸ್ತಕ ಕೊಂಡು ಬೀಗ ಹಾಕುವವರು ಬಹಳ. ಕೇಳಿದವರಿಗೆ ಪುಟದ ಚಿತ್ರ ತೆಗೆದು ಅದೇ ದಿನ ಕಳಿಸುವವರು ಕಡಿಮೆ. ಆ ಕಡಿಮೆಯವರಲ್ಲಿ ನೀವೊಬ್ಬರು. ನಿಮ್ಮ ಕಪಾಟಿಗೆ ಗೆದ್ದಲು ಬಾರದಿರಲಿ, ನಿಮಗೆ ಆಯುರಾರೋಗ್ಯ ಇರಲಿ. ಸಂಗ್ರಹದ ಪಟ್ಟಿ ಎಲ್ಲಿಗೆ ಬಂತು?’

ಸಂಶೋಧಕಿಗೆ: ‘ಮೇಡಂ, ಹುಟ್ಟುಹಬ್ಬದ ಶುಭಾಶಯಗಳು. ಮಹಿಳಾ ಆಟಗಾರ್ತಿಯರ ಹೆಸರನ್ನು ಗಂಡನ ಹೆಸರಿನ ಹಿಂದಿನಿಂದ ಹೊರತೆಗೆದು ಕೊಟ್ಟವರು ನೀವು. ಇನ್ನು ಮುಂದೆ ಪಟ್ಟಿ ಮಾಡುವವರಿಗೆ “ಶ್ರೀಮತಿ ಇಂಥವರು” ಎಂದು ಬರೆದು ತಪ್ಪಿಸಿಕೊಳ್ಳಲು ಆಗುವುದಿಲ್ಲ.’

ಹಳೆಯ ಕಾರ್ಯದರ್ಶಿಗೆ: ‘ಸಾರ್, ಎಂಬತ್ತರ ನಮಸ್ಕಾರ. ಕ್ಲಬ್ಬಿನ ಮಿನಿಟ್ಸ್ ಪುಸ್ತಕ ಇವತ್ತೂ ಓದಲು ಸಿಗುತ್ತಿರುವುದು ಮನೆ ಬದಲಿಸುವಾಗಲೆಲ್ಲ ನೀವು ಅದನ್ನು ಜೊತೆಗೇ ಒಯ್ದದ್ದರಿಂದ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಡಿ; ಆ ಪುಟಗಳ ಹಿಂದಿನ ಕತೆ ಕೇಳಿ ಬರೆದುಕೊಳ್ಳುತ್ತೇವೆ.’

ತೀರ್ಪುಗಾರರಿಗೆ ಬರೆಯುವಾಗ ಲೋಥರ್ ಶ್ಮಿಡ್ ಹೆಸರು ಒದಗಿ ಬರುತ್ತದೆ. 1972ರ ರೇಕ್ಯಾವಿಕ್‌ನಲ್ಲಿ ಫಿಶರ್ ಮತ್ತು ಸ್ಪಾಸ್ಕಿ ನಡುವಿನ ರಗಳೆಯ ಪಂದ್ಯವನ್ನು ಮುಗಿಯುವವರೆಗೆ ನಡೆಸಿಕೊಟ್ಟ ತೀರ್ಪುಗಾರ ಅವರೇ. ಜರ್ಮನಿಯ ಬಾಂಬರ್ಗ್‌ನ ತಮ್ಮ ಮನೆಯಲ್ಲಿ ಜಗತ್ತಿನ ದೊಡ್ಡ ಖಾಸಗಿ ಚೆಸ್ ಗ್ರಂಥಾಲಯಗಳಲ್ಲಿ ಒಂದನ್ನು ಕಟ್ಟಿದವರೂ ಅವರೇ.

ಉಡುಗೊರೆ: ಚೆಸ್ ಸಮಸ್ಯೆ

ಚೆಸ್ ಸಮಸ್ಯೆ ರಚಿಸುವವರ ಲೋಕದಲ್ಲಿ ಹುಟ್ಟುಹಬ್ಬಕ್ಕೆಂದೇ ಒಂದು ಸಂಪ್ರದಾಯವಿದೆ: ಜ್ಯುಬಿಲಿ ಟೂರ್ನಿ. ಒಬ್ಬ ರಚನಕಾರರಿಗೆ ಐವತ್ತೋ ಅರವತ್ತೋ ತುಂಬಿದಾಗ ಅವರ ಹೆಸರಿನಲ್ಲಿ ಸ್ಪರ್ಧೆ ಸಾರುತ್ತಾರೆ. ಜಗತ್ತಿನ ಎಲ್ಲ ಕಡೆಯಿಂದ ಹೊಸ ಸಮಸ್ಯೆಗಳು ಬರುತ್ತವೆ. ಹಲವು ಬಾರಿ ಹುಟ್ಟುಹಬ್ಬದವರೇ ತೀರ್ಪುಗಾರರು. ಒಬ್ಬರಿಗೆ ಅರ್ಪಿಸಿ ಒಂದೇ ಸಮಸ್ಯೆ ರಚಿಸುವುದೂ ಉಂಟು. ಕಾಯಿಗಳನ್ನು ಸದಸ್ಯರ ಹೆಸರಿನ ಮೊದಲ ಅಕ್ಷರದ ಆಕಾರದಲ್ಲಿ ಜೋಡಿಸುವ ಚಮತ್ಕಾರಕ್ಕೂ ಇಲ್ಲಿ ಜಾಗವಿದೆ.

ಅರ್ಪಿಸುವ ಮುನ್ನ ಪರೀಕ್ಷೆ ಕಡ್ಡಾಯ. ನೀವೆಣಿಸಿದ ಮೊದಲ ನಡೆಯ ಹೊರತು ಬೇರೊಂದು ನಡೆಯಿಂದಲೂ ಮೇಟ್ ಆಗುವುದಾದರೆ ಆ ಸಮಸ್ಯೆ ಕೆಟ್ಟಂತೆ. ‘ಪೊಪೈ’ಯಂಥ ಉಚಿತ ತಂತ್ರಾಂಶಕ್ಕೆ ಕೊಟ್ಟರೆ ಎರಡು ಮೂರು ನಡೆಯ ಸಮಸ್ಯೆಯನ್ನು ಕೂಡಲೇ ಪರಿಶೀಲಿಸಿ ಕೊಡುತ್ತದೆ. ರಚಿಸಲು ಬಾರದಿದ್ದರೆ ಪ್ರಸಿದ್ಧವಾದದ್ದನ್ನು ಆಯ್ದು ರಚನಕಾರರ ಹೆಸರು ಸಮೇತ ಅಚ್ಚು ಹಾಕಿಸಿ. ಸ್ಯಾಮ್ ಲಾಯ್ಡ್ ಅವರ ‘ಎಕ್ಸೆಲ್ಸಿಯರ್’ ಇದಕ್ಕೆ ಹೇಳಿ ಮಾಡಿಸಿದ್ದು. ಈ ಹಾಸಿನಲ್ಲಿ ಕೊನೆಗೆ ಮೇಟ್ ಕೊಡಲಾಗದ ಕಾಯಿ ಯಾವುದು ಆರಿಸು ಎಂದು ಲಾಯ್ಡ್ ಗೆಳೆಯರೊಬ್ಬರ ಜೊತೆ ರಾತ್ರಿಯೂಟದ ಪಣ ಕಟ್ಟಿದರು. ಗೆಳೆಯರು ಬಿ2 ಮನೆಯ ಕಾಲಾಳನ್ನು ತೋರಿಸಿದರು. ಐದು ನಡೆಗಳಲ್ಲಿ ಅದೇ ಕಾಲಾಳು ಕೊನೆಯ ಸಾಲಿಗೆ ಹೋಗಿ ಬಡ್ತಿ ಪಡೆದು ಮೇಟ್ ಕೊಡುತ್ತದೆ. ಸದ್ದಿಲ್ಲದೆ ದುಡಿದ ಹಿರಿಯ ಸದಸ್ಯರಿಗೆ ಇದಕ್ಕಿಂತ ಒಪ್ಪುವ ಸಮಸ್ಯೆ ಸಿಗುವುದು ಕಷ್ಟ.

ಪುಸ್ತಕ ಹಂಚುವ ಪರಂಪರೆಯೂ ಇದೆ. ಅಮೆರಿಕದ ಅಲೆನ್ ಸಿ. ವೈಟ್ 1905ರಿಂದ 1936ರವರೆಗೆ ಸಮಸ್ಯೆಗಳ 44 ಸಂಪುಟಗಳನ್ನು ‘ಕ್ರಿಸ್ಮಸ್ ಸರಣಿ’ ಎಂದು ಹೊರತಂದು ಸಮಸ್ಯಾಪ್ರಿಯರಿಗೆ ಹಬ್ಬದ ಕಾಣಿಕೆಯಾಗಿ ಕಳಿಸುತ್ತಿದ್ದರು. ಅಷ್ಟು ಕೈಲಾಗದಿದ್ದರೆ ಎಂಟು ಪುಟದ ಕಿರುಹೊತ್ತಗೆ ಮಾಡಿ: ಸದಸ್ಯರ ಮೂರು ಲೇಖನ, ಒಂದು ಆಟ, ಅವರ ಬರಹಗಳ ಪಟ್ಟಿ.

ಉಡುಗೊರೆ: ಕುದುರೆ ನಡೆಯ ಶುಭಾಶಯ

ಕನ್ನಡಿಗರು ಮಾಡಬಹುದಾದ, ಇಂಗ್ಲಿಷಿನವರಿಗೆ ಅಷ್ಟು ಸುಲಭವಾಗಿ ಒಗ್ಗದ ಒಂದು ಉಡುಗೊರೆ ಇದೆ. ಕುದುರೆಯನ್ನು ಹಾಸಿನ ಎಲ್ಲ ಮನೆಗಳ ಮೇಲೂ ಒಂದೊಂದೇ ಸಲ ಓಡಿಸುವ ಆಟ ನಮ್ಮಲ್ಲಿ ಬಹಳ ಹಳೆಯದು. 9ನೇ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ಅದು ಚಿತ್ರಬಂಧವಾಗಿ, ಅಂದರೆ ಅಕ್ಷರಗಳನ್ನು ಮನೆಗಳಲ್ಲಿ ಜೋಡಿಸಿದ ಪದ್ಯವಾಗಿ, ಬಂದಿದೆ. ವೇದಾಂತ ದೇಶಿಕರ ‘ಪಾದುಕಾಸಹಸ್ರ’ದಲ್ಲಿ 32 ಮನೆಯಲ್ಲಿ ಬರೆದ ಒಂದು ಶ್ಲೋಕವನ್ನು ಕುದುರೆ ನಡೆಯಲ್ಲಿ ಓದಿದರೆ ಇನ್ನೊಂದು ಶ್ಲೋಕ ಹೊರಡುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಚದುರಂಗಕ್ಕೇ ಒಂದು ಭಾಗವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಅಂತೂ ಚದುರಂಗದ ಸಮಸ್ಯೆ, ಕುದುರೆ ನಡೆ, ಬಗೆಬಗೆಯ ಹಾಸಿನ ಆಟಗಳನ್ನು ಸ್ವತಃ ರಚಿಸಿದವರು.

ಅಕ್ಷರಕ್ಕೊಂದು ಮನೆ ಎಂಬ ಲೆಕ್ಕ ಕನ್ನಡ ಲಿಪಿಗೆ ಸಲೀಸು. ಒತ್ತಕ್ಷರವಾದರೂ ಅದು ಒಂದೇ ಮನೆ. ಅನುಸ್ವಾರ ಹಿಂದಿನ ಅಕ್ಷರದ ಜೊತೆಗೇ ಇರುತ್ತದೆ. ಹಾಸಿನ ಅರ್ಧ ಭಾಗಕ್ಕೆ, ಅಂದರೆ ನಾಲ್ಕು ಸಾಲು ಎಂಟು ಕಂಬಕ್ಕೆ, ಕುದುರೆಯ ಒಂದು ಹಾದಿ ಹೀಗಿದೆ:

1 | 30 | 9 | 20 | 3 | 24 | 11 | 26
16 | 19 | 2 | 29 | 10 | 27 | 4 | 23
31 | 8 | 17 | 14 | 21 | 6 | 25 | 12
18 | 15 | 32 | 7 | 28 | 13 | 22 | 5

32 ಅಕ್ಷರದ ಹಾರೈಕೆ ಬರೆದುಕೊಳ್ಳಿ. ಒಂದನೇ ಅಕ್ಷರವನ್ನು 1ರ ಮನೆಗೆ, ಎರಡನೆಯದನ್ನು 2ರ ಮನೆಗೆ ತುಂಬುತ್ತ ಹೋಗಿ, ಕೊನೆಗೆ ಸಂಖ್ಯೆಗಳನ್ನು ಅಳಿಸಿಬಿಡಿ. ಮಾದರಿಗೆ:

ಅ | ವಾ | ಹಾ | ಟ | ವ | ದ | ನ | ಮ
ದು | ಆ | ರ | ಭ | ಸಿ | ಗೆ | ತ್ನಾ | ಕಿ
ಗ | ಯ | ಹ | ತ್ತಿ | ಹು | ಮ | ನಿ | ಲ್ಲಿ
ಳೆ | ಬಂ | ಲಿ | ನೆ | ಶು | ಸು | ಡು | ಲ್ಕು

ಮೇಲಿನ ಎಡ ಮೂಲೆಯಿಂದ ಕುದುರೆ ಹೊರಟರೆ ಸಿಗುವುದು: ‘ಅರವತ್ನಾಲ್ಕು ಮನೆಯ ಹಾಸಿನಲ್ಲಿ ಸುತ್ತಿ ಬಂದು ಹಳೆ ಆಟ ಹುಡುಕಿದ ನಿಮಗೆ ಶುಭವಾಗಲಿ.’ ಕಾರ್ಡಿನ ಮೇಲೆ ಚೌಕಗಳನ್ನಷ್ಟೇ ಮುದ್ರಿಸಿ, ಮೊದಲ ಮನೆಯಲ್ಲಿ ಸಣ್ಣ ಕುದುರೆ ಚಿತ್ರ ಹಾಕಿ. ಬಿಡಿಸುವ ಕೆಲಸ ಹುಟ್ಟುಹಬ್ಬದವರದ್ದು.

ಪೂರ್ತಿ 64 ಮನೆ ಬೇಕೆನ್ನುವವರಿಗೆ 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಹೇಳಿಕೊಟ್ಟ ಉಪಾಯ ಇದೆ: ಮುಂದಿನ ನಡೆಗೆ ಯಾವ ಮನೆಯಿಂದ ಹೊರಹೋಗುವ ದಾರಿ ಅತ್ಯಂತ ಕಡಿಮೆಯೋ ಆ ಮನೆಗೇ ಹೋಗಿ. ಕೊನೆಯ ಮನೆಯಿಂದ ಮೊದಲ ಮನೆಗೆ ಕುದುರೆ ಜಿಗಿಯುವಂತಿದ್ದರೆ ಅದು ಮುಚ್ಚಿದ ಸುತ್ತು. ಮುಚ್ಚಿದ ಸುತ್ತಿನ ಅನುಕೂಲ ದೊಡ್ಡದು: ಎಣಿಕೆಯನ್ನು ಯಾವ ಮನೆಯಿಂದಲಾದರೂ ಶುರು ಮಾಡಬಹುದು. ಹಾಗಾಗಿ ಸದಸ್ಯರ ವಯಸ್ಸಿನ ಸಂಖ್ಯೆಯನ್ನು ನಿಮಗೆ ಬೇಕಾದ ಮನೆಯಲ್ಲೇ ಕೂರಿಸಬಹುದು. 64 ದಾಟಿದವರಿಗೆ ಎರಡನೇ ಸುತ್ತು. 72 ತುಂಬಿದವರು ಎರಡನೇ ಸುತ್ತಿನ 8ನೇ ಮನೆಯಲ್ಲಿದ್ದಾರೆ. ಎಂಟು ಬೈ ಎಂಟರ ಹಾಸಿನಲ್ಲಿ ಮುಚ್ಚಿದ ಸುತ್ತುಗಳು 13 ಲಕ್ಷ ಕೋಟಿಗೂ ಹೆಚ್ಚಿವೆ. ಒಬ್ಬರಿಗೆ ಕೊಟ್ಟದ್ದನ್ನೇ ಇನ್ನೊಬ್ಬರಿಗೆ ಕೊಡುವ ಸಂದರ್ಭ ಬರುವುದಿಲ್ಲ.

ಅರ್ಧ ಹಾಸಿನಲ್ಲಿ ಈ ಅನುಕೂಲ ಇಲ್ಲ. ನಾಲ್ಕೇ ಸಾಲಿನ ಹಾಸಿನಲ್ಲಿ ಕುದುರೆ ಎಲ್ಲ ಮನೆ ಮುಟ್ಟಬಹುದು, ಹೊರಟಲ್ಲಿಗೆ ಮರಳಲಾರದು. ಆದ್ದರಿಂದ ಮೇಲಿನ ಮಾದರಿಯ ಎಣಿಕೆ ಬದಲಿಸಬೇಡಿ.

ಮಾಡಬಾರದ್ದು

- ಹೆಸರಾಂತ ಆಟಗಾರರ ಮಾತೆಂದು ಹರಿದಾಡುವ ನುಡಿಗಳನ್ನು ಮೂಲ ನೋಡದೆ ಹಾಕಬೇಡಿ. ಬಹಳಷ್ಟನ್ನು ಅವರು ಹೇಳಿದ್ದಕ್ಕೆ ಆಧಾರವಿಲ್ಲ.
- ‘ಕಾಲ ನಿಮಗೆ ಚೆಕ್ ಕೊಡುತ್ತಿದೆ’, ‘ಆಟದ ಕೊನೆಯ ಹಂತ’ ಎಂಬಂಥ ವಯಸ್ಸಿನ ತಮಾಷೆ ಬೇಡ. ಎಂಬತ್ತರ ಹಿರಿಯರು ಇದನ್ನು ಇಪ್ಪತ್ತು ಸಲ ಕೇಳಿರುತ್ತಾರೆ, ಒಂದು ಸಲವೂ ನಕ್ಕಿರುವುದಿಲ್ಲ.
- ಕೇಕಿನ ಮೇಲೆ ಹಾಸು ಬರೆಸುವುದಾದರೆ ಬೇಕರಿಯವರಿಗೆ ಎರಡು ಮಾತು ಬರೆದುಕೊಡಿ: ಆಟಗಾರರ ಬಲಗೈ ಮೂಲೆಯ ಮನೆ ಬಿಳಿ, ಬಿಳಿ ರಾಣಿ ಬಿಳಿ ಮನೆಯಲ್ಲಿ, ಕಪ್ಪು ರಾಣಿ ಕಪ್ಪು ಮನೆಯಲ್ಲಿ. ತಿರುಗಿ ಬಿದ್ದ ಹಾಸಿನ ಕೇಕನ್ನು ಈ ಬಳಗ ತಿನ್ನುವ ಮೊದಲು ಚರ್ಚಿಸುತ್ತದೆ.
- ಬಹಳ ದಿನದಿಂದ ಸುದ್ದಿಯಿಲ್ಲದ ಸದಸ್ಯರಿಗೆ ಪತ್ರಿಕೆಯಲ್ಲಿ ಶುಭಾಶಯ ಹಾಕುವ ಮೊದಲು ಮನೆಗೊಂದು ಫೋನ್ ಮಾಡಿ. ತೀರಿಕೊಂಡವರಿಗೆ ಹಾರೈಸಿದರೆ ಮನೆಯವರಿಗೆ ನೋವಾಗುತ್ತದೆ.
- ವಿದೇಶದ ಸದಸ್ಯರಿಗೆ ಅವರ ಊರಿನ ಸಮಯ ನೋಡಿ ಕಳಿಸಿ.

ನಮ್ಮ ಕ್ಲಬ್ಬುಗಳಿಗೆ

ಮ್ಯಾನುಯೆಲ್ ಆರನ್ ಮತ್ತು ವಿಜಯ್ ಪಂಡಿತ್ 2014ರಲ್ಲಿ ಭಾರತದ ಚೆಸ್ ಇತಿಹಾಸವನ್ನು ಪುಸ್ತಕವಾಗಿ ತಂದರು. ಕರ್ನಾಟಕದ ಊರೂರುಗಳ ಕತೆ ಅಷ್ಟು ವಿವರವಾಗಿ ಇನ್ನೂ ಬರೆಯಬೇಕಾಗಿದೆ. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಸ್ವಂತ ಖರ್ಚಿನಲ್ಲಿ ಗಡಿಯಾರ ತಂದು, ಶಾಲೆಯ ಬೆಂಚು ಜೋಡಿಸಿ ಜಿಲ್ಲಾ ಟೂರ್ನಿ ನಡೆಸಿದವರು ಯಾರು, ಆ ಊರಿಗೆ ಆಟ ಕಲಿಸಿದವರು ಯಾರು ಎಂಬುದು ಕೆಲವೇ ಹಿರಿಯರ ನೆನಪಿನಲ್ಲಿದೆ.

ಅವರ ಹುಟ್ಟುಹಬ್ಬಕ್ಕೆ ಹಾರ, ಶಾಲಿನ ಜೊತೆ ಐದು ಪ್ರಶ್ನೆ ಒಯ್ಯಿರಿ. ಆಟ ಕಲಿಸಿದವರು ಯಾರು, ಯಾವ ಊರಿನಲ್ಲಿ? ಚದುರಂಗದ ಹಳೆಯ ದೇಶಿ ನಿಯಮದಲ್ಲಿ ಆಡಿದ್ದುಂಟೇ, ಅದು ಹೇಗಿತ್ತು? ನೀವು ಆಡಿದ ಮೊದಲ ಟೂರ್ನಿ ಯಾವುದು, ಗೆದ್ದವರು ಯಾರು? ನಡೆ ಬರೆದ ಕಾಗದ, ಫೋಟೋ, ಪತ್ರಿಕೆಯ ತುಣುಕು ಏನಾದರೂ ಉಳಿದಿವೆಯೇ? ನಿಮ್ಮ ಜೊತೆಗಾರರಲ್ಲಿ ಇನ್ನು ಯಾರನ್ನು ಮಾತಾಡಿಸಬೇಕು? ಉತ್ತರವನ್ನು ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಫೋಟೋಗಳಿದ್ದರೆ ಅಲ್ಲೇ ಚಿತ್ರ ತೆಗೆದುಕೊಂಡು ಮೂಲವನ್ನು ಅವರಲ್ಲೇ ಬಿಡಿ. ಹಿಂಬದಿಯಲ್ಲಿ ಯಾರ ಹೆಸರಿದೆ ಎಂಬುದನ್ನೂ ಬರೆದುಕೊಳ್ಳಿ.

ಬರಹ ಸಿದ್ಧವಾದ ಮೇಲೆ ಅವರಿಗೆ ಓದಿ ಹೇಳಿ, ತಿದ್ದಿಸಿ, ಒಂದು ಪ್ರತಿ ಅವರಿಗೂ ಒಂದು ಪ್ರತಿ ಕ್ಲಬ್ಬಿನ ಕಡತಕ್ಕೂ ಒಂದು ಪ್ರತಿ ಊರಿನ ಗ್ರಂಥಾಲಯಕ್ಕೂ ಕೊಡಿ. ಪ್ರತಿಯ ಮೇಲೆ ಬರೆದವರ ಹೆಸರು, ಬರೆದ ದಿನಾಂಕ ಇರಲಿ.

ನಿಮ್ಮ ಕ್ಲಬ್ಬಿನ ಅತ್ಯಂತ ಹಿರಿಯ ಸದಸ್ಯರು ಯಾರೆಂದು ಇವತ್ತೇ ನೋಡಿ, ಅವರ ಹುಟ್ಟುಹಬ್ಬಕ್ಕೆ ಇನ್ನೆಷ್ಟು ದಿನವಿದೆ ಎಂದು ಲೆಕ್ಕ ಹಾಕಿ. ಮೊದಲ ಶುಭಾಶಯ ಅವರಿಂದಲೇ ಶುರುವಾಗಲಿ.